ಬಾಂಡ್ ಪೇಪರ್ ಇಲ್ಲದೆ ಮನೆ ಕೆಲಸ ಒಪ್ಪಿಸಿದರೆ ಪರಿಹಾರ ಕೇಳುವಂತಿಲ್ಲವೇ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆ ಮನೆ ಕಟ್ಟುವವರಿಗೆ ಒಂದೇ ಚಿಂತೆ: ಜೂನ್‌ನಲ್ಲಿ ಮಳೆ ಹಿಡಿಯುವುದರೊಳಗೆ ಮಾಡು ಮುಚ್ಚಬೇಕು. ಆ ಅವಸರದಲ್ಲಿ ಗುತ್ತಿಗೆಯ ಮಾತು ಜಗಲಿಯಲ್ಲೇ ಮುಗಿದು, ಮುಂಗಡವನ್ನೂ ಕೊಟ್ಟಾಗಿರುತ್ತದೆ. ಕೆಲಸ ಅರ್ಧಕ್ಕೆ ನಿಂತರೆ ಅಡಿಕೆ ಮಾರಿ ಕೂಡಿಟ್ಟ ಹಣ ಗೋಡೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಮಾಲೀಕರು ಬಾಕಿ ಕೊಡದಿದ್ದರೆ ಮೇಸ್ತ್ರಿ ಆಳುಗಳ ಕೂಲಿಗೆ ಪರದಾಡಬೇಕಾಗುತ್ತದೆ. ಈ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ನಾಲ್ಕು ನಂಬಿಕೆಗಳನ್ನು ನಾವು ಇಲ್ಲಿ ಪರಿಶೀಲಿಸೋಣ.

ನಂಬಿಕೆ 1: ಬಾಂಡ್ ಪೇಪರ್ ಇಲ್ಲದಿದ್ದರೆ ಕರಾರೇ ಇಲ್ಲ

ಇದು ತಪ್ಪು. 1872ರ ಭಾರತೀಯ ಕರಾರು ಕಾಯ್ದೆಯ 10ನೇ ಕಲಂ ಪ್ರಕಾರ ಇಬ್ಬರೂ ಸ್ವಇಚ್ಛೆಯಿಂದ ಒಪ್ಪಿದ ಬಾಯಿಮಾತಿನ ಕರಾರೂ ಸಿಂಧು. ಕಷ್ಟ ಇರುವುದು ಅದನ್ನು ರುಜುವಾತುಪಡಿಸುವುದರಲ್ಲಿ. ಬ್ಯಾಂಕ್ ವರ್ಗಾವಣೆ, ಕೈಬರಹದ ಚೀಟಿ, ವಾಟ್ಸ್ಆ್ಯಪ್ ಸಂದೇಶ, ಕೆಲಸದ ಫೋಟೊ ಎಲ್ಲವೂ ಸಾಕ್ಷ್ಯವಾಗಬಲ್ಲವು. ಮೊಬೈಲ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಂ ಹೇಳುವ ಪ್ರಮಾಣಪತ್ರ ಲಗತ್ತಿಸಬೇಕು.

ನಂಬಿಕೆ 2: ಮಳೆಯಿಂದ ತಡವಾದರೆ ಯಾರೂ ಹೊಣೆಯಲ್ಲ

ಇದು ಅರ್ಧ ಸತ್ಯ. ಕರಾರು ಪಾಲಿಸುವುದು ಅಸಾಧ್ಯವಾದರೆ 56ನೇ ಕಲಂ ವಿನಾಯಿತಿ ಕೊಡುತ್ತದೆ. ಆದರೆ ಮಲೆನಾಡಿನಲ್ಲಿ ವರ್ಷವೂ ಬರುವ ಮಳೆ ಮೊದಲೇ ಗೊತ್ತಿರುವ ಸಂಗತಿ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಗಡುವು ಒಪ್ಪಿದವರು ಅದೇ ನೆಪ ಹೇಳಿ ಪಾರಾಗುವುದು ಕಷ್ಟ. ಹಾಗೆಂದು ಗಡುವು ಮೀರಿದ ಮರುದಿನವೇ ಗುತ್ತಿಗೆದಾರನನ್ನು ಹೊರಗೆ ಹಾಕುವಂತೆಯೂ ಇಲ್ಲ. ಕಟ್ಟಡ ಕರಾರುಗಳಲ್ಲಿ ಸಾಮಾನ್ಯವಾಗಿ ಸಮಯವೇ ಮೂಲ ಷರತ್ತಲ್ಲ ಎಂದು 1979ರಲ್ಲಿ ಹಿಂದ್ ಕನ್‌ಸ್ಟ್ರಕ್ಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಡಕ್ಕೆ ಪರಿಹಾರ ಕೇಳಬಹುದು. ಆ ಉದ್ದೇಶವನ್ನು ಆಗಲೇ ಬರಹದಲ್ಲಿ ತಿಳಿಸುವುದು ಕ್ಷೇಮ.

ನಂಬಿಕೆ 3: ಕೊಟ್ಟ ಹಣವೆಲ್ಲ ವಾಪಸ್, ಮೇಲೆ ದಂಡವೂ ಪೂರ್ತಿ

ಹಾಗಲ್ಲ. 73ನೇ ಕಲಂ ಪ್ರಕಾರ ಕರಾರು ಮುರಿದದ್ದರಿಂದ ಸಹಜವಾಗಿ ಆದ ನಷ್ಟವಷ್ಟೇ ಸಿಗುತ್ತದೆ. ಉದಾಹರಣೆಗೆ, 12 ಲಕ್ಷ ರೂಪಾಯಿಗೆ ಒಪ್ಪಿದ ಕೆಲಸಕ್ಕೆ 8 ಲಕ್ಷ ಕೊಟ್ಟಾಗಿದೆ; ಉಳಿದದ್ದನ್ನು ಬೇರೆಯವರಿಂದ ಮುಗಿಸಲು 6 ಲಕ್ಷ ಬೇಕಾಯಿತು ಎನ್ನೋಣ. ಒಟ್ಟು ಖರ್ಚು 14 ಲಕ್ಷ, ಅಂದರೆ ನಷ್ಟ 2 ಲಕ್ಷ. ಕರಾರಿನಲ್ಲಿ ದಂಡ ಬರೆದಿದ್ದರೂ 74ನೇ ಕಲಂ ಅಡಿ ಆ ಮೊತ್ತ ಗರಿಷ್ಠ ಮಿತಿ ಮಾತ್ರ. ನ್ಯಾಯಾಲಯ ಅದರೊಳಗೆ ನ್ಯಾಯಯುತ ಪರಿಹಾರ ಕೊಡುತ್ತದೆ. ನಷ್ಟ ತಗ್ಗಿಸುವ ಹೊಣೆಯೂ ನಮ್ಮದೇ: ಟಾರ್ಪಾಲು ಹೊದಿಸದೆ ಸಿಮೆಂಟು ನೆನೆಯಲು ಬಿಟ್ಟು ಅದರ ಬೆಲೆ ಕೇಳಿದರೆ ಆ ಬೇಡಿಕೆ ನಿಲ್ಲುವುದು ಕಷ್ಟ.

ಗುತ್ತಿಗೆದಾರರಿಗೂ ರಕ್ಷಣೆಯಿದೆ. ಮಾತಿನಲ್ಲಿಲ್ಲದ ಹೆಚ್ಚುವರಿ ಕೆಲಸವನ್ನು ಪುಕ್ಕಟೆ ಎಂದುಕೊಳ್ಳದೆ ಮಾಡಿಕೊಟ್ಟಿದ್ದು, ಮಾಲೀಕರು ಅದರ ಪ್ರಯೋಜನ ಪಡೆದಿದ್ದರೆ 70ನೇ ಕಲಂ ಅಡಿ ಹಣ ಕೇಳಬಹುದು.

ನಂಬಿಕೆ 4: ಕೇಸು ಯಾವಾಗ ಬೇಕಾದರೂ ಹಾಕಬಹುದು

ಇಲ್ಲ. ಕರಾರು ಮುರಿದ ದಿನದಿಂದ ಸಿವಿಲ್ ದಾವೆಗೆ ಸಾಮಾನ್ಯವಾಗಿ 3 ವರ್ಷದ ಅವಧಿ. ಮಾಡಿದ ಕೆಲಸದ ಹಣಕ್ಕೂ, ಪಾವತಿಗೆ ಬೇರೆ ದಿನ ಗೊತ್ತುಮಾಡಿರದಿದ್ದರೆ, ಕೆಲಸ ಮುಗಿದಲ್ಲಿಂದ 3 ವರ್ಷ. ಮನೆ ನಿರ್ಮಾಣ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 'ಸೇವೆ'ಯಾಗಿರುವುದರಿಂದ ಮಾಲೀಕರು ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಅಲ್ಲಿ 2 ವರ್ಷ. "ಮಳೆ ಬಿಡಲಿ, ಬರ್ತೀನಿ" ಎಂಬ ಮಾತು ನಂಬಿ ಕೂತಷ್ಟೂ ಈ ಅವಧಿ ಸವೆಯುತ್ತದೆ.

ಹಾಗಾದರೆ ಏನು ಮಾಡಬೇಕು? ಮುಂಗಡ ಕೊಡುವ ಮೊದಲು ಒಂದೇ ಹಾಳೆಯಲ್ಲಾದರೂ ಕೆಲಸದ ವಿವರ, ದರ, ಮಳೆಗಾಲ ಲೆಕ್ಕಹಾಕಿದ ಗಡುವು, ಯಾವ ಹಂತಕ್ಕೆ ಎಷ್ಟು ಹಣ ಎಂಬುದನ್ನು ಬರೆದು ಇಬ್ಬರೂ ಸಹಿ ಹಾಕಿ. ತಳಪಾಯ, ಲಿಂಟಲ್, ಮಾಡು ಮುಗಿದಂತೆ ಹಣ ಕೊಟ್ಟು ರಸೀದಿ ಪಡೆಯಿರಿ. ಗುರುತು ಪರಿಚಯದವರ ನಡುವೆ ಇದು ಅಪನಂಬಿಕೆಯಲ್ಲ; ನಾಳೆ ಮಾತು ಮುರಿಯದಿರಲು ಇಬ್ಬರಿಗೂ ಆಸರೆ.