ದೇವರು ವರ ಕೊಟ್ಟರೂ...

ನ್ಯಾಯಾಲಯದ ಮೆಟ್ಟಿಲೇರಿದವರ ಕುರಿತು ನಮ್ಮ ಹಿರಿಯರು ಒಂದು ಮಾತು ಹೇಳುತ್ತಿದ್ದರು: ಗೆದ್ದವನು ಸೋತ, ಸೋತವನು ಸತ್ತ. ವ್ಯಾಜ್ಯದ ವೆಚ್ಚವನ್ನೂ ಅಲೆದಾಟವನ್ನೂ ಕಂಡುಂಡವರ ಮಾತಿದು. ಆದರೆ ಗೆದ್ದವನು ಸೋಲುವ ಇನ್ನೊಂದು ಬಗೆಯುಂಟು. ಎದುರುವಾದಿ ಸರ್ಕಾರವೇ ಆಗಿರುತ್ತದೆ. ತೀರ್ಪು ನಮ್ಮ ಪರವಾಗಿ ಬಂದಿರುತ್ತದೆ. ಅದರ ದೃಢೀಕೃತ ನಕಲನ್ನು ಹಿಡಿದು ಕಚೇರಿಗೆ ಹೋದರೆ, "ಕಡತ ಮೇಲಿನವರ ಬಳಿ ಇದೆ, ಮುಂದಿನ ವಾರ ಬನ್ನಿ" ಎಂಬ ಉತ್ತರ ದೊರೆಯುತ್ತದೆ. ಆ ಮುಂದಿನ ವಾರ ವರ್ಷಗಳಾದರೂ ಬರುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ ಎಂಬ ಗಾದೆ ಇಂಥ ಕಡೆ ಅಕ್ಷರಶಃ ನಿಜವಾಗುತ್ತದೆ.

ನಮ್ಮ ರಾಜ್ಯದ್ದೇ ಒಂದು ಪ್ರಕರಣವನ್ನು ನೋಡೋಣ. ಬೆಂಗಳೂರು ದಕ್ಷಿಣ ತಾಲ್ಲೂಕಿನ ಗೊಟ್ಟಿಗೆರೆಯಲ್ಲಿ ಕೆಲವರು 1995ರಿಂದ 1997ರ ಅವಧಿಯಲ್ಲಿ ಮನೆ ಕಟ್ಟಲೆಂದು ನಿವೇಶನಗಳನ್ನು ಕೊಂಡಿದ್ದರು. ಬೆಂಗಳೂರು-ಮೈಸೂರು ಮೂಲಸೌಕರ್ಯ ಕಾರಿಡಾರ್ ಯೋಜನೆಗಾಗಿ 2003ರ ಜನವರಿಯಲ್ಲಿ ಆ ಭೂಮಿಗೆ ಪ್ರಾಥಮಿಕ ಅಧಿಸೂಚನೆ ಹೊರಟಿತು. 2005ರ ನವೆಂಬರಿನಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಸ್ವಾಧೀನ ಪಡೆಯಿತು. ಭೂಮಿ ಹೋಯಿತು, ಪರಿಹಾರದ ಐತೀರ್ಪು ಮಾತ್ರ ಬರಲಿಲ್ಲ. ಮಾಲೀಕರು ಹೈಕೋರ್ಟಿಗೆ ಹೋದರು. ಕಡೆಗೆ ನ್ಯಾಯಾಂಗ ನಿಂದನೆಯ ನೋಟೀಸು ಕೈಸೇರಿದ ಮೇಲೆಯೇ, 2019ರ ಏಪ್ರಿಲ್ 22ರಂದು, ವಿಶೇಷ ಭೂಸ್ವಾಧೀನಾಧಿಕಾರಿಯ ಲೇಖನಿ ಚಲಿಸಿತು. ಆಗಲೂ ಲೆಕ್ಕ ಹಾಕಿದ್ದು 2011ರ ಮಾರ್ಗಸೂಚಿ ಬೆಲೆಯಲ್ಲಿ.

2025ರ ಜನವರಿ 2ರಂದು ಸರ್ವೋಚ್ಚ ನ್ಯಾಯಾಲಯವು ಈ ವಿಳಂಬಕ್ಕೆ ಅಧಿಕಾರಿಗಳ ಜಡತೆಯೇ ಕಾರಣವೆಂದು ಹೇಳಿ, ಸಂವಿಧಾನದ 142ನೆಯ ಅನುಚ್ಛೇದದ ವಿಶೇಷಾಧಿಕಾರವನ್ನು ಬಳಸಿ, 2019ರ ಏಪ್ರಿಲ್ 22ರ ಮಾರುಕಟ್ಟೆ ದರದಂತೆ ಎರಡು ತಿಂಗಳೊಳಗೆ ಹೊಸ ಐತೀರ್ಪು ನೀಡುವಂತೆ ಆಜ್ಞಾಪಿಸಿತು. 2003ರ ದರದಲ್ಲಿ ದೊರೆಯುವ ಹಣ ಇಂದು ಏತಕ್ಕೆ ಸಾಕು? ಆಸ್ತಿಯ ಹಕ್ಕು ಈಗ ಮೂಲಭೂತ ಹಕ್ಕಲ್ಲ, ನಿಜ. 1978ರ 44ನೆಯ ತಿದ್ದುಪಡಿ ಅದನ್ನು ಆ ಭಾಗದಿಂದ ತೆಗೆಯಿತು. ಆದರೂ 300-ಎ ಅನುಚ್ಛೇದದಡಿ ಅದು ಸಾಂವಿಧಾನಿಕ ಹಕ್ಕಾಗಿ ಉಳಿದಿದೆ. ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹದಿಮೂರು ವರ್ಷಗಳಿಗೂ ಮಿಕ್ಕಿ ನಿಂತಿದ್ದ ಕಡತವನ್ನು ಕದಲಿಸಿದ್ದು ನಿಂದನೆಯ ನೋಟೀಸು. ಏನಿದರ ಶಕ್ತಿ? ನ್ಯಾಯಾಲಯ ನಿಂದನೆ ಅಧಿನಿಯಮ, 1971ರ ಪ್ರಕಾರ, ನ್ಯಾಯಾಲಯದ ಆದೇಶವನ್ನು ಬುದ್ಧಿಪೂರ್ವಕವಾಗಿ ಉಲ್ಲಂಘಿಸುವುದು ಸಿವಿಲ್ ನಿಂದನೆ. ಅದಕ್ಕೆ ಆರು ತಿಂಗಳವರೆಗಿನ ಸೆರೆವಾಸ, ಎರಡು ಸಾವಿರ ರೂಪಾಯಿಗಳವರೆಗಿನ ದಂಡ, ಅಥವಾ ಎರಡನ್ನೂ ವಿಧಿಸಬಹುದು. ದಂಡದ ಮೊತ್ತ ಅಲ್ಪವಾದರೂ ಹೊಣೆ ಅಧಿಕಾರಿಯ ಹೆಸರಿಗೇ ಅಂಟುತ್ತದೆ. ಸರ್ಕಾರಕ್ಕೆ ಮುಖವಿಲ್ಲ, ಕಟಕಟೆಯಲ್ಲಿ ನಿಲ್ಲುವ ಅಧಿಕಾರಿಗೆ ಮುಖವಿದೆ. ಭಯವಿರುವುದು ಅಲ್ಲಿ.

ಈ ಭಯ ಬರಿಯ ಬೆದರಿಕೆಯಲ್ಲ. 1995ರಲ್ಲಿ ಬೆಂಗಳೂರು ಮಹಾನಗರಪಾಲಿಕೆಯ ಅಭಿಯಂತರರೊಬ್ಬರ ಬಡ್ತಿಯ ವಿಷಯದಲ್ಲಿ ಆದೇಶವನ್ನು ಪಾಲಿಸದ ರಾಜ್ಯದ ಹಿರಿಯ ಐ.ಎ.ಎಸ್. ಅಧಿಕಾರಿಗೆ ಸರ್ವೋಚ್ಚ ನ್ಯಾಯಾಲಯ ಒಂದು ತಿಂಗಳ ಸೆರೆವಾಸ ವಿಧಿಸಿತ್ತು. ಅದು ಜಮೀನಿನ ವಿಷಯವಲ್ಲ. ಆಂಧ್ರಪ್ರದೇಶದ ಗುಂಟೂರು ಜಿಲ್ಲೆಯ ಪ್ರಕರಣ ಜಮೀನಿನದೇ. ಹೈಕೋರ್ಟು 2013ರ ಡಿಸೆಂಬರಿನಲ್ಲಿ ಆದೇಶ ನೀಡಿದ್ದರೂ ಅಲ್ಲಿನ ತಹಶೀಲ್ದಾರರು 2014ರ ಜನವರಿಯಲ್ಲಿ ಬಡವರ ಗುಡಿಸಲುಗಳನ್ನು ಕೆಡವಿಸಿದರು. 2015ರಲ್ಲಿ ಹೈಕೋರ್ಟು ಎರಡು ತಿಂಗಳ ಸಜೆ ವಿಧಿಸಿತು. ಮೇಲ್ಮನವಿ ನಡೆಯುತ್ತಿದ್ದಂತೆ ಅವರು ಡೆಪ್ಯುಟಿ ಕಲೆಕ್ಟರ್ ಹುದ್ದೆಗೇರಿದರು! 2025ರ ಮೇ 9ರಂದು ಸರ್ವೋಚ್ಚ ನ್ಯಾಯಾಲಯವು, ಕುಟುಂಬದ ಜೀವನಾಧಾರ ತಪ್ಪಬಾರದೆಂಬ ಕರುಣೆಯಿಂದ ಸೆರೆವಾಸವನ್ನು ಕೈಬಿಟ್ಟು, ಅವರನ್ನು ಮತ್ತೆ ತಹಶೀಲ್ದಾರ್ ಹುದ್ದೆಗೆ ಇಳಿಸಿ, ಒಂದು ಲಕ್ಷ ರೂಪಾಯಿ ದಂಡ ವಿಧಿಸಿತು. ಗುಡಿಸಲು ಕಳೆದುಕೊಂಡವರ ಮನೆಯಲ್ಲೂ ಮಕ್ಕಳಿದ್ದರೆಂಬುದನ್ನು ಜೆ.ಸಿ.ಬಿ.ಗೆ ಅಪ್ಪಣೆ ಕೊಡುವಾಗ ನೆನೆದಿದ್ದರೆ ಈ ದಿನ ಬರುತ್ತಿರಲಿಲ್ಲ.

ಹಾಗಾದರೆ ತೀರ್ಪು ಕೈಯಲ್ಲಿರುವ ಕುಟುಂಬದವರು ಮಾಡಬೇಕಾದದ್ದೇನು? ಮೊದಲು, ದೃಢೀಕೃತ ನಕಲಿನೊಂದಿಗೆ ಮನವಿಯನ್ನು ಬರೆದು ಕಚೇರಿಯ ಟಪಾಲು ಶಾಖೆಗೆ ಕೊಟ್ಟು, ಮೊಹರು ಹಾಗೂ ದಿನಾಂಕದೊಡನೆ ಸ್ವೀಕೃತಿ ಪಡೆಯಬೇಕು. ಅಥವಾ ತಲುಪಿದ್ದಕ್ಕೆ ಪುರಾವೆ ಸಿಗುವಂತೆ ಅಂಚೆಯಲ್ಲಿ ಕಳಿಸಬೇಕು. ಬಾಯಿಮಾತಿನ ಉತ್ತರಕ್ಕೆ ತೃಪ್ತರಾಗದೆ ಲಿಖಿತ ಹಿಂಬರಹ ಕೇಳಬೇಕು. ಆದೇಶ ತಿಳಿದಿತ್ತು, ತಿಳಿದೂ ಪಾಲಿಸಲಿಲ್ಲ ಎಂಬುದು ರುಜುವಾತಾಗದೆ ನಿಂದನೆ ನಿಲ್ಲದು.

ಎರಡನೆಯದು ಕಾಲಮಿತಿ. ನಿಂದನೆ ನಡೆದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. "ಸಾಹೇಬರು ಒಳ್ಳೆಯವರು, ಮಾಡಿಕೊಡುತ್ತಾರೆ" ಎಂದು ಕಾಯುತ್ತ ಕುಳಿತವರ ವರ್ಷ ಸದ್ದಿಲ್ಲದೆ ಕಳೆದುಹೋಗುತ್ತದೆ.

ಮೂರನೆಯದಾಗಿ, ಎಲ್ಲಕ್ಕೂ ಇದೇ ಮದ್ದಲ್ಲ. ಸಿವಿಲ್ ನ್ಯಾಯಾಲಯದ ಡಿಕ್ರಿ ಜಾರಿಗೆ ಬರದಿದ್ದರೆ ಅಮಲ್ಜಾರಿ ಅರ್ಜಿಯ ದಾರಿಯಿದೆ. ತಾತ್ಕಾಲಿಕ ತಡೆಯಾಜ್ಞೆಯನ್ನು ಮೀರಿದವರ ಆಸ್ತಿಯನ್ನು ಜಪ್ತಿ ಮಾಡಲು, ಮೂರು ತಿಂಗಳವರೆಗೆ ಸಿವಿಲ್ ಸೆರೆಮನೆಯಲ್ಲಿಡಲು, ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೆಯ ಆದೇಶದ 2-ಎ ನಿಯಮವಿದೆ. ಯಾವ ದಾರಿ ತಕ್ಕದ್ದೆಂಬುದನ್ನು ವಕೀಲರೊಡನೆ ಕುಳಿತು ತೀರ್ಮಾನಿಸಬೇಕು. ಮೂಲ ಆದೇಶದಲ್ಲಿ ಇಲ್ಲದ್ದನ್ನು ನಿಂದನಾ ಅರ್ಜಿಯಲ್ಲಿ ಕೇಳಿ ಪಡೆಯಲಾಗದು. ಹಗೆ ತೀರಿಸಿಕೊಳ್ಳುವ ಆಯುಧವೂ ಅದಲ್ಲ.

ಕಡೆಯದಾಗಿ ಇನ್ನೊಂದು ಮಾತು. ಈ ಪುಟವನ್ನು ಓದುವ ಮನೆಗಳಲ್ಲಿ ಜಮೀನು ಕಳೆದುಕೊಂಡವರಷ್ಟೇ ಅಲ್ಲ, ಗ್ರಾಮ ಆಡಳಿತಾಧಿಕಾರಿಯಿಂದ ಹಿಡಿದು ಕಾರ್ಯದರ್ಶಿಯವರೆಗೆ ಸರ್ಕಾರದ ಕುರ್ಚಿಯಲ್ಲಿ ಕುಳಿತವರೂ ಇದ್ದಾರೆ. ಅವರಲ್ಲಿ ಬಹುಮಂದಿ ದುಷ್ಟರಲ್ಲ. ಸಹಿ ಹಾಕಿದರೆ ಎಲ್ಲಿ ಆಕ್ಷೇಪಣೆ ಬರುವುದೋ ಎಂಬ ಅಂಜಿಕೆಯವರು. ತೀರ್ಪು ತಪ್ಪೆನಿಸಿದರೆ ಮೇಲ್ಮನವಿ ಹೋಗಲು, ತಡೆಯಾಜ್ಞೆ ಬೇಡಲು ಕಾನೂನು ಅವಕಾಶ ಕೊಟ್ಟಿದೆ. ಮೇಲ್ಮನವಿಗೂ ಹೋಗದೆ, ಪಾಲಿಸಲೂ ಒಲ್ಲದೆ, ಕಡತದ ಮೇಲೆ ಕಡತ ಹೇರುವುದು ಮಾತ್ರ ಯಾವ ಧರ್ಮವೂ ಅಲ್ಲ. ಮೇಜಿನಾಚೆ ನಿಂತಿರುವ ಮುದುಕ ಯಾರದೋ ಮನೆಯ ಹಿರಿಯ. ಆತ ಇನ್ನೆಷ್ಟು ಮುಂದಿನ ವಾರಗಳನ್ನು ಕಾಣಬಲ್ಲ ಎಂಬುದನ್ನು ಒಂದು ಕ್ಷಣ ಯೋಚಿಸಿದರೆ ಅನೇಕ ಕಡತಗಳು ನೋಟೀಸಿಗೆ ಕಾಯದೆ ತಾವಾಗಿಯೇ ಚಲಿಸಿಯಾವು.