ಕರುವಿಗೆ ಗೊಟ್ಟದಲ್ಲಿ ಹಾಲು ಹಾಕಬೇಡಿ

ಕುಂದಗೋಳ ತಾಲೂಕಿನ ನಮ್ಮೂರಲ್ಲಿ ಓಣಿಯ ಕಾಕಾ ಒಬ್ಬರ ಚೊಚ್ಚಲ ಎಮ್ಮೆ ಹೆಣ್ಣುಗರ ಹಾಕಿತು. ಕರು ಕೆಚ್ಚಲಿಗೆ ಬಾಯಿ ಇಟ್ಟರೆ ಎಮ್ಮೆ ಒದೆಯುತ್ತಿತ್ತು. ಕಾಕಾ ಅದರ ಕಾಲು ಕಟ್ಟಿ ಹಿಂಡಿಕೊಂಡರು, ಗೋಡೆಗೆ ತೂಗುಹಾಕಿದ್ದ ಬಿದಿರಿನ ಗೊಟ್ಟ ತೆಗೆದರು, ಕರುವಿನ ಗದ್ದ ಮೇಲೆತ್ತಿ ಹಾಲು ಸುರಿದರು. ಮರುದಿನ ಮೂಗಿನಿಂದ ಹಾಲು ಸೋರಿತು, ಉಸಿರು ಗೊರಗೊರ ಎಂದಿತು. ಮೂರನೆಯ ದಿನ ಕರು ಇಲ್ಲ.

"ಹೊಟ್ಟಿ ತುಂಬ ಕುಡಿಸೇನೋ ತಮ್ಮಾ, ಆದ್ರೂ ಉಳೀಲಿಲ್ಲ" ಅಂದರು ಕಾಕಾ. ಹಾಲು ಶ್ವಾಸಕೋಶಕ್ಕೆ ಇಳಿದಿತ್ತು ಎಂದರು ಪಶು ವೈದ್ಯರು.

ಕಾಕಾ ಅವರದೊಬ್ಬರದೇ ತಪ್ಪು ಎನ್ನಲಾರೆ. ನಮ್ಮಪ್ಪನೂ ಹಾಗೇ ಹಾಕುತ್ತಿದ್ದ. ಆದರೆ ಹಾಲು ಕುಡಿಸುವುದಕ್ಕೆ ಗೊಟ್ಟ ಬೇಡವೇ ಬೇಡ ಎಂಬುದು ನನ್ನ ಖಚಿತ ಮಾತು. ಕರು ತಾನಾಗಿ ಚೀಪಿದಾಗ ಹೊಟ್ಟೆಯೊಳಗೆ ಒಂದು ಕಾಲುವೆ ಮುಚ್ಚಿಕೊಂಡು ಕೊಳವೆಯಂತಾಗುತ್ತದೆ, ಹಾಲು ನೇರ ನಾಲ್ಕನೆಯ ಹೊಟ್ಟೆಗೆ ಹೋಗುತ್ತದೆ. ಸುರಿದ ಹಾಲು ದಾರಿ ತಪ್ಪಿ ದೊಡ್ಡ ಹೊಟ್ಟೆಗೆ ಬಿದ್ದರೆ ಅಲ್ಲೇ ಹುಳಿಯುತ್ತದೆ. ಹೊಟ್ಟೆ ಉಬ್ಬರ, ಭೇದಿ ಶುರುವಾಗುತ್ತದೆ. ಉಸಿರಿನ ನಾಳಕ್ಕೆ ಹೋದರೆ ಕಾಕಾನ ಕರುವಿನ ಗತಿಯೇ.

ಅದಕ್ಕೇ ನಿಪ್ಪಲ್ ಹಾಕಿದ ಬಾಟಲಿ ಬೇಕು. ಬಾಟಲಿ ತಲೆಕೆಳಗೆ ಮಾಡಿದರೆ ಹಾಲು ಹನಿ ಹನಿಯಾಗಿ ಬೀಳಬೇಕು, ಧಾರೆಯಾಗಿ ಅಲ್ಲ. ಬೇಗ ಮುಗಿಯಲಿ ಎಂದು ತೂತು ದೊಡ್ಡದು ಮಾಡಿದರೆ ಗೊಟ್ಟಕ್ಕೂ ಅದಕ್ಕೂ ಫರಕಿಲ್ಲ. ಕರು ನಿಂತಿರಲಿ, ಬಾಟಲಿ ತಾಯಿಯ ಕೆಚ್ಚಲಿನ ಎತ್ತರದಲ್ಲಿರಲಿ, ಬಾಟಲಿ ಹಿಂಡಬೇಡಿ. ಕೆಮ್ಮಿದರೆ ತಕ್ಷಣ ನಿಲ್ಲಿಸಿ, ತಲೆ ಕೆಳಗೆ ಬಿಡಿ. ಮೊದಲು ಬಾಯೊಳಗೆ ಬೆರಳಿಟ್ಟು ನೋಡಿ. ಬೆರಳನ್ನೇ ಚೀಪದ ಕರುವಿಗೆ ಬಾಟಲಿಯೂ ಅಪಾಯ. ಆಗ ಪಶು ವೈದ್ಯರನ್ನು ಕರೆಯಿರಿ, ಇಲ್ಲವೇ 1962ಕ್ಕೆ ಫೋನ್ ಮಾಡಿ. ಪ್ರತಿ ಸಲ ಕುಡಿಸಿದ ಮೇಲೆ ಬಾಟಲಿ, ನಿಪ್ಪಲ್ ಎರಡನ್ನೂ ಸೋಪು ಹಾಕಿ ಬಿಸಿನೀರಿನಲ್ಲಿ ತೊಳೆಯಿರಿ.

ಇನ್ನು ಗಿಣ್ಣದ ಹಾಲಿನ ಮಾತು. ಎಮ್ಮೆ ಈದರೆ ಓಣಿಗೆಲ್ಲ ಗಿಣ್ಣ ಹಂಚುತ್ತೇವೆ, ಕರುವಿಗೆ ಮಾತ್ರ ಮಾಸು ಬೀಳೋತನಕ ಕೊಡಬಾರದು ಎನ್ನುತ್ತೇವೆ. ಇದೆಂಥ ಲೆಕ್ಕ? ಕರು ಹುಟ್ಟುವಾಗ ಅದಕ್ಕೆ ರೋಗ ತಡೆಯುವ ಶಕ್ತಿ ಇಲ್ಲವೆಂದೇ ಹೇಳಬೇಕು, ಅದು ಬರುವುದು ಗಿಣ್ಣದ ಹಾಲಿನಿಂದಲೇ. ಆ ಶಕ್ತಿಯನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಗಂಟೆ ಗಂಟೆಗೂ ಮುಚ್ಚುತ್ತಾ 24 ಗಂಟೆಯೊಳಗೆ ಪೂರ್ತಿ ಮುಚ್ಚಿಬಿಡುತ್ತದೆ. ಹುಟ್ಟಿದ ಒಂದೆರಡು ಗಂಟೆಯಲ್ಲೇ ಮೊದಲ ಸಲ ಕುಡಿಸಬೇಕು. 25 ಕೆಜಿ ತೂಗುವ ಕರುವಿಗೆ ದಿನಕ್ಕೆ ಎರಡೂವರೆ ಲೀಟರ್, ಒಂದೇ ಸಲಕ್ಕಲ್ಲ, ಮೂರ್ನಾಲ್ಕು ಸಲ. ಹಾಲು ಆರಿದ್ದರೆ ಒಲೆಯ ಮೇಲಿಡಬೇಡಿ, ಒಡೆದು ಗಿಣ್ಣವೇ ಆದೀತು! ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ, ಮುಟ್ಟಿದರೆ ನಮ್ಮ ಮೈಗಿಂತ ತುಸು ಬೆಚ್ಚಗೆ ಅನಿಸಿದರೆ ಸಾಕು.

ಧಾರವಾಡಿ ಎಮ್ಮೆಗೆ ಪ್ರತ್ಯೇಕ ತಳಿಯ ಮಾನ್ಯತೆ ಸಿಕ್ಕಿತೆಂದು 2021ರಲ್ಲಿ ನಾವು ವರದಿಗಾರರು ಹಿಗ್ಗಿ ಬರೆದೆವು. ತಳಿ ಉಳಿಯುವುದು ಹೆಣ್ಣುಗರ ಉಳಿದರೆ ತಾನೇ? ಊರಿನ ಹಾಲಿನ ಡೇರಿಯಲ್ಲಿ ಪಶು ಆಹಾರದ ಚೀಲ ಸಿಗುತ್ತದೆ. ಅದರ ಪಕ್ಕದಲ್ಲಿ ನಾಲ್ಕು ನಿಪ್ಪಲ್ ಬಾಟಲಿ ಇಟ್ಟರೆ ಏನು ಭಾರ? ಮುಂದಿನ ಸಭೆಯಲ್ಲಿ ಸದಸ್ಯರು ಇದನ್ನು ಕೇಳಿ. ನಮ್ಮೂರಲ್ಲಿ ಕೇಳಲು ಕಾಕಾನೇ ತಯಾರಾಗಿದ್ದಾರೆ.