ದಾರಿ ತೋರಿಸುವುದು, ಎಳೆದೊಯ್ಯುವುದು

ಪಿಯುಸಿ ಫಲಿತಾಂಶ ಬಂದ ದಿನ ನಮ್ಮ ಸಿರವಾರದಂಥ ಊರಿನ ಮನೆಗಳಲ್ಲಿ ಕೇಳುವ ಪ್ರಶ್ನೆ ‘ನಿನಗೇನು ಇಷ್ಟ?’ ಎಂದಲ್ಲ, ‘ಯಾವ ಸೀಟು ಸಿಗ್ತದ?’ ಎಂದು. 2013ರಲ್ಲಿ ಸಂವಿಧಾನದ 371(ಜೆ) ವಿಧಿ ಜಾರಿಯಾದ ಮೇಲೆ ನಮ್ಮ ಭಾಗದವರಿಗೆ ವೃತ್ತಿಶಿಕ್ಷಣದ ಬಾಗಿಲು ಅಗಲವಾಗಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ನೀರಿಗೆ ಕಾದು ಸಾಕಾದ ಅಪ್ಪನಿಗೆ ಮಕ್ಕಳ ಬಿಇ ಸೀಟೇ ಖಾತ್ರಿ ಬೆಳೆಯಾಗಿ ಕಾಣುವುದು ಸಹಜ. ಬಿಇ ಓದುತ್ತಿರುವ ನಾನು ಆ ಆಸೆಯನ್ನು ಹಗುರವಾಗಿ ಕಾಣಲಾರೆ.

ಮಕ್ಕಳನ್ನು ಬೆಳೆಸುವ ಮಾತು ಬಂದಾಗ ಬೈಬಲ್ಲಿನ ಜ್ಞಾನೋಕ್ತಿಗಳು ಪುಸ್ತಕದ 22ನೇ ಅಧ್ಯಾಯದ 6ನೇ ವಚನವನ್ನು ಹಲವರು ನೆನೆಯುತ್ತಾರೆ. ಎಳವೆಯಲ್ಲಿ ಕಲಿತ ನಡೆ ಕೊನೆತನಕ ಉಳಿಯುತ್ತದೆ ಎಂಬುದು ಅದರ ಸಾರ. ಇದನ್ನು ‘ದಾರಿ ನಾವೇ ಆರಿಸುತ್ತೇವೆ’ ಎಂದು ಓದಿಕೊಳ್ಳುವುದು ಸುಲಭ. ಆದರೆ ಹೀಬ್ರೂ ಮೂಲಕ್ಕೆ ‘ಆಯಾ ಮಗುವಿನ ದಾರಿಗೆ ತಕ್ಕಂತೆ’ ಎಂಬ ಅರ್ಥವನ್ನೂ ಕೆಲವು ಪಂಡಿತರು ಹೇಳುತ್ತಾರೆ. ಎರೆ ಹೊಲಕ್ಕೆ ಯಾವ ಬೆಳೆ, ಮಸಾರಿಗೆ ಯಾವುದು ಎಂದು ಬಲ್ಲ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಫೆಸದವರಿಗೆ ಬರೆದ ಪತ್ರವು ಮಕ್ಕಳಿಗೆ ವಿಧೇಯತೆ ಹೇಳಿದ ಬೆನ್ನಿಗೇ, ಮಕ್ಕಳನ್ನು ಕೆಣಕಬಾರದೆಂದು ತಂದೆಯರಿಗೂ ತಾಕೀತು ಮಾಡುತ್ತದೆ. ಕೊಲೊಸ್ಸೆಯವರಿಗೆ ಬರೆದ ಪತ್ರ ಅದಕ್ಕೆ ಕಾರಣವನ್ನೂ ಕೊಡುತ್ತದೆ: ಮಕ್ಕಳು ಎದೆಗುಂದಿಯಾರು. ಕಾನೂನಿನ ಪ್ರಕಾರ ಮಕ್ಕಳ ಪ್ರಾಣದ ಮೇಲೂ ತಂದೆಗೆ ಹಕ್ಕಿದ್ದ ರೋಮನ್ ಕಾಲದ ಮಾತಿದು.

ಎದೆಗುಂದುವುದು ಎಂದರೇನೆಂದು ಹಾಸ್ಟೆಲ್ಲಿನಲ್ಲಿ ಇದ್ದವರಿಗೆ ಗೊತ್ತು. ನಾಲ್ಕು ವಿಷಯ ಬಾಕಿ ಉಳಿಸಿಕೊಂಡ ಹುಡುಗ ಫೋನಿನಲ್ಲಿ ‘ಎಲ್ಲಾ ಪಾಸಾಗೇನಪ್ಪಾ’ ಎನ್ನುತ್ತಾನೆ. ನಿಜ ಹೇಳಿದರೆ ಮನೆಯವರ ಮುಖ ಹೇಗಾದೀತೋ ಎಂಬ ಭಯ ಅವನಿಂದ ಹಾಗೆ ಹೇಳಿಸುತ್ತದೆ. ಕೆಲಸ ಸಿಗದೆ ಹಬ್ಬಕ್ಕೂ ಊರಿಗೆ ಬಾರದವರ ಭಯವೂ ಇದೇ.

ಲೂಕನ ಸುವಾರ್ತೆಯ ತಪ್ಪಿಹೋದ ಮಗನ ಕತೆಯಲ್ಲಿ, ಆಸ್ತಿ ಕಳೆದು ಬರಿಗೈಲಿ ಬಂದವನನ್ನು ದೂರದಿಂದಲೇ ಕಂಡ ತಂದೆ ಲೆಕ್ಕ ಕೇಳದೆ ಓಡಿಹೋಗಿ ಅಪ್ಪಿಕೊಳ್ಳುತ್ತಾನೆ. ಪಾಲಕರ ಮಾರ್ಗದರ್ಶನಕ್ಕೆ ನಿಜವಾದ ಪರೀಕ್ಷೆ ಇದು: ಸೋತ ದಿನ ಮಕ್ಕಳು ಮೊದಲು ಫೋನ್ ಮಾಡುವುದು ಮನೆಗೇ?

ನಮ್ಮ ಪಾಲಿನ ಕೆಲಸವೂ ಇದೆ. ಅಂಕಪಟ್ಟಿ ಬಚ್ಚಿಡದೆ ಮುಂದಿಡೋಣ. ‘ಇದು ನನಗೆ ಬರುತ್ತದೆ, ಇದು ಬರುವುದಿಲ್ಲ, ಇನ್ನೊಂದು ವರ್ಷ ಹೀಗೆ ಪ್ರಯತ್ನಿಸುತ್ತೇನೆ’ ಎಂದು ಬಾಯಿಬಿಟ್ಟು ಹೇಳೋಣ. ಅಪ್ಪ-ಅವ್ವನಿಗೆ ಗೌರವ ಕೊಡುವುದೆಂದರೆ ಎಲ್ಲದಕ್ಕೂ ತಲೆಯಾಡಿಸುವುದಲ್ಲ. ನಿಜ ಕೇಳುವ ಗಟ್ಟಿತನ ಅವರಿಗಿದೆ ಎಂದು ನಂಬುವುದು.